ದಿಕ್ಸೂಚಿಯ ತಲೆವಾಗು

ಉಕ್ಕಿನ ಸೂಜಿಯೊಂದನ್ನು ಅಯಸ್ಕಾಂತಕ್ಕೆ ಉಜ್ಜಿ, ನೂಲಿನಲ್ಲಿ ತೂಗಬಿಟ್ಟರೆ ಅದರ ಒಂದು ಕೊನೆ ಉತ್ತರಕ್ಕೂ ಇನ್ನೊಂದು ದಕ್ಷಿಣಕ್ಕೂ ತಿರುಗಿ ನಿಲ್ಲುವುದೆಂಬುದು ಬಾಲಕರೂ ಬಲ್ಲ ಸಂಗತಿ. ಅಯಸ್ಕಾಂತಕ್ಕೆ ಸೂಜಿಗಲ್ಲು ಎಂಬ ಹೆಸರನ್ನಿಟ್ಟ ಕನ್ನಡಿಗರಿಗೆ ಸೂಜಿಗೂ ಆ ಕಲ್ಲಿಗೂ ಇರುವ ನಂಟನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಆದರೆ ಇದೇ ಸೂಜಿಯನ್ನು ಹಡಗಿನಲ್ಲಿಟ್ಟುಕೊಂಡು ಭೂಮಧ್ಯರೇಖೆಯನ್ನು ದಾಟಿ ಆಸ್ಟ್ರೇಲಿಯಾದ ಕಡೆಗೆ ಹೋದರೆ ಅದು ಹೇಗೆ ನಡೆದುಕೊಳ್ಳುವುದು? ಈಚೆಯ ಗೋಳಾರ್ಧದಲ್ಲಿ ಉತ್ತರವನ್ನು ತೋರುವ ಮುಳ್ಳು ಆಚೆಯ ಗೋಳಾರ್ಧದಲ್ಲಿ ದಕ್ಷಿಣವನ್ನು ತೋರುವುದೆ? ಈ ಪ್ರಶ್ನೆಯನ್ನು ವಿದ್ಯಾವಂತರಲ್ಲಿ ಕೇಳಿದರೆ ಹೌದೆನ್ನುವವರು ಕೆಲವರು, ಅಲ್ಲವೆನ್ನುವವರು ಕೆಲವರು. ಏಕೆಂದು ವಿವರಿಸುವವರು ಮಾತ್ರ ವಿರಳ.

ಉತ್ತರವನ್ನು ಮೊದಲೇ ಹೇಳಿಬಿಡುವೆವು. ಮುಳ್ಳು ತಿರುಗಿಕೊಳ್ಳುವುದಿಲ್ಲ. ಸಿಡ್ನಿಯಲ್ಲಿಯೂ ಬೆಂಗಳೂರಿನಲ್ಲಿಯೂ ಅದರ ಉತ್ತರದ ಕೊನೆ ಉತ್ತರದ ಕಡೆಗೇ ಇರುವುದು. ಆದರೂ ಎರಡು ಗೋಳಾರ್ಧಗಳಲ್ಲಿ ಅದರ ನಡತೆ ಒಂದೇ ಅಲ್ಲ. ಉತ್ತರದ ನಾಡುಗಳಲ್ಲಿ ಮುಳ್ಳಿನ ಉತ್ತರದ ಕೊನೆ ನೆಲದ ಕಡೆಗೆ ತಲೆವಾಗುತ್ತದೆ. ದಕ್ಷಿಣದ ನಾಡುಗಳಲ್ಲಿ ದಕ್ಷಿಣದ ಕೊನೆ ತಲೆವಾಗುತ್ತದೆ. ಇದೊಂದು ಅಲ್ಪವಾದ ವ್ಯತ್ಯಾಸವೆಂದು ತೋರಬಹುದು. ಆದರೆ ಈ ಅಲ್ಪವನ್ನು ಅರಿಯಲು ಮನುಷ್ಯರಿಗೆ ಮುನ್ನೂರು ವರ್ಷಗಳು ಬೇಕಾದುವು; ಅರಿಯದೆ ಹೋದುದರಿಂದ ಸಮುದ್ರದಲ್ಲಿ ಪ್ರಾಣಗಳೂ ಗಂಡಾಂತರಕ್ಕೆ ಒಳಗಾದುವು. ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವುದು ನಮ್ಮ ಉದ್ದೇಶ.

ದಿಕ್ಸೂಚಿಯನ್ನು ಮೊದಲು ಬಲ್ಲವರು ಚೀನೀಯರು. 1088ರ ಸುಮಾರಿಗೆ ಷೆನ್ ಕುವೊ ಎಂಬ ಪಂಡಿತನು ತನ್ನ ಗ್ರಂಥದಲ್ಲಿ ಅಯಸ್ಕಾಂತಕ್ಕೆ ಉಜ್ಜಿದ ಸೂಜಿಯನ್ನು ವರ್ಣಿಸಿ, ಅದು ಸರಿಯಾಗಿ ದಕ್ಷಿಣವನ್ನು ತೋರದೆ ಸ್ವಲ್ಪ ಪೂರ್ವಕ್ಕೆ ಓರೆಯಾಗಿರುವುದೆಂದು ಬರೆದಿದ್ದಾನೆ. ಈ ಓರೆಗೆ ಈಗ ದಿಕ್ಪಾತವೆಂದು ಹೆಸರು. ಚೀನೀಯರಿಗೆ ಅದು ದಕ್ಷಿಣವನ್ನು ತೋರುವ ಸೂಜಿ. ಯೂರೋಪಿನವರಿಗೆ ಉತ್ತರವನ್ನು ತೋರುವ ಸೂಜಿ. ಎರಡೂ ನಿಜವೇ. ಸೂಜಿಗೆ ಎರಡು ಕೊನೆಗಳುಂಟು. ಯಾವುದನ್ನು ತಲೆಯೆಂದು ಕರೆಯಬೇಕೆಂಬುದು ನೋಡುವವನ ಇಷ್ಟ.

ತಲೆವಾಗಿನ ವಿಷಯವು ಬಹುಕಾಲ ಮರೆಯಾಗಿಯೇ ಇದ್ದಿತು. ಜರ್ಮನಿಯ ನ್ಯೂರೆಂಬರ್ಗಿನ ಗೇಯಾರ್ಗ್ ಹಾರ್ಟ್ಮನ್ ಎಂಬವನು 1544ರಲ್ಲಿ ಒಂದು ಪತ್ರದಲ್ಲಿ ಅದನ್ನು ಸೂಚಿಸಿದ್ದನಾದರೂ ಆ ಪತ್ರ ಲೋಕಕ್ಕೆ ತಿಳಿಯಲಿಲ್ಲ. ಅದನ್ನು ಸ್ಪಷ್ಟವಾಗಿ ಕಂಡು ಅಳೆದವನು ರಾಬರ್ಟ್ ನಾರ್ಮನ್ ಎಂಬ ಇಂಗ್ಲಿಷ್ ನಾವಿಕ. ಬಹು ವರ್ಷಗಳ ಕಾಲ ಕಡಲಿನಲ್ಲಿ ತಿರುಗಿ, ಬಳಿಕ ಲಂಡನ್ನಿನ ಬಳಿ ದಿಕ್ಸೂಚಿಗಳನ್ನು ತಯಾರಿಸುವ ಕಸುಬನ್ನು ಹಿಡಿದಿದ್ದನು. ಆತನು ಮುಳ್ಳನ್ನು ತೂಗಿ, ಎರಡು ಕಡೆಯೂ ಸಮವಾಗಿ ನಿಲ್ಲುವಂತೆ ಅಣಿಗೊಳಿಸಿ, ಅನಂತರ ಅದನ್ನು ಅಯಸ್ಕಾಂತಕ್ಕೆ ಉಜ್ಜುತ್ತಿದ್ದನು. ಉಜ್ಜಿದೊಡನೆಯೇ ಉತ್ತರದ ಕೊನೆ ಕೆಳಕ್ಕೆ ಬಾಗುತ್ತಿತ್ತು. ದಕ್ಷಿಣದ ಕಡೆಗೆ ಕೊಂಚ ಮೇಣವನ್ನು ಅಂಟಿಸಿ ಸಮ ಮಾಡುವುದು ಅವನ ರೂಢಿ. ಒಂದು ದಿನ ಬಹು ಶ್ರಮದಿಂದ ಮಾಡಿದ್ದ ಮುಳ್ಳೊಂದು ಹೀಗೆಯೇ ಬಾಗಿತು. ಬಾಗಿದ ಕಡೆಯನ್ನು ಕತ್ತರಿಸಿ ಸರಿಮಾಡಹೋಗಿ ಅವನು ಅದನ್ನು ಮೊಟಕುಗೊಳಿಸಿ ಕೆಡಿಸಿಬಿಟ್ಟನು. ಕೈಕೆಲಸದವನಿಗೆ ಕೋಪ ಬರುವುದು ಸಹಜ. ಆ ಕೋಪದಲ್ಲಿ ಮುಳ್ಳನ್ನು ಬಿಸುಟು ಸುಮ್ಮನಾಗದೆ, ಇದು ಹೀಗೇಕೆ ಬಾಗುವುದೆಂದು ವಿಚಾರಿಸತೊಡಗಿದುದೇ ಅವನ ಹೆಚ್ಚಳ. ಮುಳ್ಳನ್ನು ಅಡ್ಡ ಅಚ್ಚಿನ ಮೇಲೆ ನಿಲ್ಲಿಸಿ ಮೇಲಕ್ಕೂ ಕೆಳಕ್ಕೂ ಆಡುವಂತೆ ಉಪಕರಣವೊಂದನ್ನು ರಚಿಸಿ, ಲಂಡನ್ನಿನಲ್ಲಿ ಬಾಗು 71 ಡಿಗ್ರಿ 50 ಮಿನಿಟು ಇರುವುದೆಂದು ಅಳೆದನು. ಇದನ್ನು 1581ರಲ್ಲಿ ಚಿಕ್ಕದೊಂದು ಪುಸ್ತಕವಾಗಿ ಪ್ರಕಟಿಸಿದನು. ಈ ಬಾಗಿಗೆ ಶಾಸ್ತ್ರದಲ್ಲಿ ನತಿ ಎಂದು ಹೆಸರು.

ಕಾರಣವನ್ನು ಹೇಳಿದವನು ಎಲಿಜ಼ಬೆತ್ ರಾಣಿಯ ಆಸ್ಥಾನವೈದ್ಯನಾದ ವಿಲಿಯಂ ಗಿಲ್ಬರ್ಟ್. ಅವನು ಸೂಜಿಗಲ್ಲನ್ನು ಗುಂಡಾಗಿ ಕಡೆಯಿಸಿ, ಅದನ್ನೇ ಒಂದು ಪುಟ್ಟ ಭೂಮಿಯೆಂದು ಭಾವಿಸಿ, ಅದರ ಮೇಲೆ ಅಲ್ಲಲ್ಲಿ ಚಿಕ್ಕ ಮುಳ್ಳುಗಳನ್ನಿಟ್ಟು ನೋಡಿದನು. ನಡುವಿನಲ್ಲಿ ಮುಳ್ಳು ಮೈಗೆ ಸಮವಾಗಿ ಮಲಗಿತು. ತುದಿಯ ಕಡೆಗೆ ಸರಿಸಿದಂತೆಲ್ಲ ಓರೆಯಾಗುತ್ತ ಹೋಗಿ, ಧ್ರುವದಲ್ಲಿ ನೆಟ್ಟಗೆ ನಿಂತಿತು. ನಡುವನ್ನು ದಾಟಿ ಇನ್ನೊಂದು ಕಡೆಗೆ ಹೋದರೆ ಮುಳ್ಳಿನ ಇನ್ನೊಂದು ಕೊನೆ ಬಾಗಿತು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದು ಅವನು 1600ರಲ್ಲಿ ಸಾರಿದನು. ಆಗ ಯೂರೋಪಿನ ವಿದ್ವಾಂಸರಲ್ಲಿ ಕೆಲವರು ಮುಳ್ಳನ್ನು ಸೆಳೆಯುವುದು ಧ್ರುವನಕ್ಷತ್ರವೆಂದೂ, ಕೆಲವರು ಉತ್ತರದಲ್ಲಿರುವ ಯಾವುದೋ ಸೂಜಿಗಲ್ಲಿನ ಬೆಟ್ಟವೆಂದೂ ನಂಬಿದ್ದರು. ಗಿಲ್ಬರ್ಟನ ಗುಂಡುಗಲ್ಲು ಆ ನಂಬಿಕೆಯನ್ನು ಅಲುಗಿಸಿತು. ಮೋಡ ಕವಿದು ಸೂರ್ಯನಕ್ಷತ್ರಗಳು ಕಾಣದಿರುವಾಗ ನಾವಿಕನು ನತಿಯನ್ನಳೆದು ತಾನಿರುವ ಅಕ್ಷಾಂಶವನ್ನು ಅರಿಯಬಹುದೆಂದೂ ಅವನು ಆಸೆಪಟ್ಟನು. ಆದರೆ ಭೂಮಿ ಗಿಲ್ಬರ್ಟನ ಕಲ್ಲಿನಷ್ಟು ಅಚ್ಚುಕಟ್ಟಾದುದಲ್ಲ. ಅದರ ಕಾಂತಧ್ರುವಗಳು ಭೂಗೋಲದ ಧ್ರುವಗಳಲ್ಲಿಲ್ಲ. ನತಿಯ ರೇಖೆಗಳು ಅಕ್ಷಾಂಶಗಳನ್ನು ಅನುಸರಿಸದೆ ಡೊಂಕಾಗಿ ಹರಿಯುತ್ತವೆ. ಆದುದರಿಂದ ಆ ಆಸೆ ಫಲಿಸಲಿಲ್ಲ.

ಈ ಡೊಂಕಿಗೆ ಎರಡು ನಿದರ್ಶನಗಳನ್ನು ಕೊಡುವೆವು. ನತಿಯು ಸೊನ್ನೆಯಾಗಿರುವ, ಎಂದರೆ ಮುಳ್ಳು ಯಾವ ಕಡೆಗೂ ಬಾಗದೆ ಸಮವಾಗಿ ನಿಲ್ಲುವ ಸ್ಥಳಗಳನ್ನೆಲ್ಲ ಸೇರಿಸಿ ಎಳೆದ ರೇಖೆಗೆ ಕಾಂತೀಯ ಸಮಭಾಜಕವೆಂದು ಹೆಸರು. 1802ರಲ್ಲಿ ಅಲೆಕ್ಸಾಂಡರ್ ಹುಂಬೋಲ್ಟನು ಪೆರು ದೇಶದ ಆಂಡೀಸ್ ಪರ್ವತಗಳಲ್ಲಿ ಪ್ರಯಾಣ ಮಾಡುವಾಗ ಈ ರೇಖೆಯನ್ನು ದಾಟಿದನು. ಆ ಸ್ಥಳವು ಭೂಮಧ್ಯರೇಖೆಯಿಂದ ಸುಮಾರು 7 ಡಿಗ್ರಿ ದಕ್ಷಿಣಕ್ಕಿದ್ದಿತು. ನಮ್ಮ ದೇಶದಲ್ಲಿಯಾದರೋ ಅದೇ ರೇಖೆ ಭೂಮಧ್ಯರೇಖೆಯ ಉತ್ತರಕ್ಕೆ, ಕನ್ಯಾಕುಮಾರಿ ತಿರುವನಂತಪುರಗಳ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಕಾಲಕ್ರಮದಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಸ್ಥಳ ಬದಲಿಸುವುದೂ ಉಂಟು. ಹೀಗಾಗಿ ಮಾಲ್ದೀವು ದ್ವೀಪಗಳ ರಾಜಧಾನಿ ಭೂಪಟದಲ್ಲಿ ಉತ್ತರಗೋಳಾರ್ಧಕ್ಕೆ ಸೇರಿದ್ದರೂ, ಅಯಸ್ಕಾಂತದ ಲೆಕ್ಕದಲ್ಲಿ ದಕ್ಷಿಣಗೋಳಾರ್ಧಕ್ಕೆ ಸೇರಿದುದು. ಕನ್ನಡನಾಡು ಕಾಂತೀಯ ಸಮಭಾಜಕದ ಉತ್ತರದಲ್ಲಿ, ಅದಕ್ಕೆ ಬಹು ದೂರವಲ್ಲದೆ ಇರುವುದರಿಂದ, ನಮ್ಮಲ್ಲಿ ಮುಳ್ಳಿನ ಬಾಗು ಲಂಡನ್ನಿನಲ್ಲಿರುವುದಕ್ಕಿಂತ ಬಹಳ ಕಡಮೆ.

ಇದುವರೆಗೆ ಹೇಳಿದುದು ಪಂಡಿತರ ಕುತೂಹಲದ ವಿಷಯ. ಇನ್ನು ಅದು ನಾವಿಕರ ಜೀವನ್ಮರಣದ ವಿಷಯವಾದ ಬಗೆಯನ್ನು ನೋಡುವೆವು.

1801ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ತರುಣ ನೌಕಾಧಿಕಾರಿ ‘ಇನ್ವೆಸ್ಟಿಗೇಟರ್’ ಎಂಬ ಹಡಗಿನಲ್ಲಿ ಆಸ್ಟ್ರೇಲಿಯಾದ ಕರಾವಳಿಯನ್ನು ಅಳೆದು ಭೂಪಟ ಬರೆಯಲು ಹೊರಟನು. ಹಡಗಿನ ಮೂತಿಯನ್ನು ಬೇರೆ ಬೇರೆ ಕಡೆಗೆ ತಿರುಗಿಸಿದಾಗ ದಿಕ್ಸೂಚಿಯ ತಪ್ಪೂ ಬೇರೆ ಬೇರೆಯಾಗುವುದನ್ನು ಅವನು ಗಮನಿಸಿದನು. ಹಡಗು ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದ್ದರೆ ಈ ತಪ್ಪು ಕಾಣುತ್ತಿರಲಿಲ್ಲ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದರೆ ತಪ್ಪು ಅತ್ಯಧಿಕವಾಗುತ್ತಿತ್ತು. ಇಂಗ್ಲೆಂಡಿನ ಸಮೀಪದಲ್ಲಿ ಮುಳ್ಳಿನ ಉತ್ತರದ ಕೊನೆ ಹಡಗಿನ ಮುಂಭಾಗದ ಕಡೆಗೆ ಸೆಳೆಯಲ್ಪಡುತ್ತಿತ್ತು. ದಕ್ಷಿಣಕ್ಕೆ ಹೋದಂತೆ ಈ ಸೆಳೆತ ಕಡಮೆಯಾಗುತ್ತ ಬಂದು, ನತಿ ಸೊನ್ನೆಯಾಗುವೆಡೆಯಲ್ಲಿ ಅಡಗಿ, ಆಸ್ಟ್ರೇಲಿಯಾದ ತೀರದಲ್ಲಿ ತಲೆಕೆಳಗಾಯಿತು. ಅಲ್ಲಿ ಮುಂಭಾಗಕ್ಕೆ ಸೆಳೆಯಲ್ಪಡುತ್ತಿದ್ದುದು ಮುಳ್ಳಿನ ದಕ್ಷಿಣದ ಕೊನೆ.

ಇದರ ಕಾರಣವನ್ನು ಹೀಗೆ ತಿಳಿಯಬಹುದು. ಹಡಗಿನಲ್ಲಿ ಫಿರಂಗಿಗಳು, ಲಂಗರುಗಳು, ಕಬ್ಬಿಣದ ಕಂಬಗಳು ಮುಂತಾದುವು ಬಹಳವಾಗಿರುವುವು. ದಿಕ್ಸೂಚಿಯಿದ್ದುದು ಹಡಗಿನ ಹಿಂಭಾಗದಲ್ಲಾದುದರಿಂದ ಈ ಕಬ್ಬಿಣದಲ್ಲಿ ಹೆಚ್ಚು ಪಾಲು ಅದರ ಮುಂದುಗಡೆಗಿರುತ್ತಿತ್ತು. ನೆಟ್ಟಗೆ ನಿಂತ ಮೆದುಕಬ್ಬಿಣವು ಭೂಮಿಯ ಪ್ರಭಾವದಿಂದ ತಾನೂ ತಾತ್ಕಾಲಿಕವಾಗಿ ಅಯಸ್ಕಾಂತವಾಗುತ್ತದೆ. ಉತ್ತರಗೋಳಾರ್ಧದಲ್ಲಿ ಅದರ ಕೆಳತುದಿ ಉತ್ತರಮುಖಿಯಾಗಿಯೂ ಮೇಲ್ತುದಿ ದಕ್ಷಿಣಮುಖಿಯಾಗಿಯೂ ಆಗುವುದು. ವಿರುದ್ಧ ಕೊನೆಗಳು ಒಂದನ್ನೊಂದು ಸೆಳೆಯುವುದರಿಂದ, ಆ ಮೇಲ್ತುದಿ ಮುಳ್ಳಿನ ಉತ್ತರದ ಕೊನೆಯನ್ನು ಎಳೆಯುವುದು. ದಕ್ಷಿಣಗೋಳಾರ್ಧದಲ್ಲಿ ಇದೆಲ್ಲವೂ ಅದಲುಬದಲು. ಹಡಗು ಅದೇ, ಕಬ್ಬಿಣ ಅದೇ, ಮುಳ್ಳೂ ಅದೇ. ಸಮಭಾಜಕವನ್ನು ದಾಟಿದುದರಿಂದ ತಪ್ಪಿನ ದಿಕ್ಕು ಮಾತ್ರ ಬದಲಾಯಿತು.

ಫ್ಲಿಂಡರ್ಸನು ಊರಿಗೆ ಮರಳುವಾಗ, 1803ರ ಡಿಸೆಂಬರಿನಲ್ಲಿ, ಆಗ ಫ್ರೆಂಚರ ವಶದಲ್ಲಿದ್ದ ಮಾರಿಷಸ್ ದ್ವೀಪಕ್ಕೆ ಬಂದನು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಮರಳಿ ಆರಂಭವಾಗಿದ್ದಿತು. ಅವನ ರಹದಾರಿ ಇನ್ವೆಸ್ಟಿಗೇಟರ್ ಹಡಗಿನ ಹೆಸರಿನಲ್ಲಿದ್ದಿತು. ಅವನು ಬಂದುದೋ ಬೇರೊಂದು ಚಿಕ್ಕ ನೌಕೆಯಲ್ಲಿ. ಗವರ್ನರನು ಸಂಶಯಪಟ್ಟು ಅವನನ್ನು ಸೆರೆಯಲ್ಲಿರಿಸಿದನು. ಆರು ವರ್ಷಗಳಿಗೂ ಹೆಚ್ಚು ಕಾಲ, 1810ರವರೆಗೆ, ಅವನಿಗೆ ಬಿಡುಗಡೆಯಾಗಲಿಲ್ಲ. ಆ ಸೆರೆಯಿಂದಲೇ ಅವನು ದಿಕ್ಸೂಚಿಯ ವಿಷಯವಾಗಿ ಬರೆದು ಕಳುಹಿಸಿದ ಪತ್ರವು 1805ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಊರಿಗೆ ಮರಳಿದ ಮೇಲೆ 1812ರಲ್ಲಿ ನೌಕಾಖಾತೆಯ ಹಡಗುಗಳಲ್ಲಿ ಮತ್ತೆ ಪ್ರಯೋಗಗಳನ್ನು ನಡೆಸಿದನು. ಅವನ ಯಾತ್ರೆಯ ಮಹಾಗ್ರಂಥವು 1814ರ ಜುಲೈ ತಿಂಗಳಿನಲ್ಲಿ ಪ್ರಕಟವಾದ ಮರುದಿನವೇ, ನಾಲ್ವತ್ತನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಮರದ ಹಡಗುಗಳ ಕಾಲದಲ್ಲಿಯೇ ಹೀಗಾದರೆ ಕಬ್ಬಿಣದ ಹಡಗುಗಳ ಪಾಡೇನು? 1838ರಲ್ಲಿ ಇಂಗ್ಲೆಂಡಿನ ರಾಜ್ಯಜ್ಯೋತಿರ್ವಿದನಾದ ಜಾರ್ಜ್ ಏರಿ ‘ರೇನ್‌ಬೋ’ ಎಂಬ ಕಬ್ಬಿಣದ ಹಡಗನ್ನು ಪರೀಕ್ಷಿಸಿ, ದಿಕ್ಸೂಚಿಯ ಸುತ್ತ ಅಯಸ್ಕಾಂತಗಳನ್ನೂ ಮೆದುಕಬ್ಬಿಣವನ್ನೂ ಇಟ್ಟು ತಪ್ಪನ್ನು ಸರಿಪಡಿಸುವ ಉಪಾಯವನ್ನು ಕಂಡುಹಿಡಿದನು. ಹಡಗು ಬಂದರಿನಲ್ಲಿರುವಾಗಲೇ ದಿಕ್ಸೂಚಿ ಸರಿಯಾಗುತ್ತಿದ್ದುದರಿಂದ ಹಡಗಿನ ಒಡೆಯರಿಗೆ ಇದು ಬಹು ಹಿತವಾಯಿತು. ಆದರೆ ವಿಲಿಯಂ ಸ್ಕೋರ್ಸ್‌ಬಿ ಎಂಬವನು ಇದನ್ನು ಒಪ್ಪಲಿಲ್ಲ. ಅವನು ಮೊದಲು ಉತ್ತರಸಮುದ್ರಗಳಲ್ಲಿ ತಿಮಿಂಗಿಲಗಳ ಬೇಟೆಯಾಡಿದ ನಾವಿಕ, ಅನಂತರ ಪಾದ್ರಿ, ಎಂದೆಂದೂ ವಿಜ್ಞಾನಿ. ಅವನ ವಾದವು ಸರಳವಾದುದು. ಹಡಗಿನ ಕಬ್ಬಿಣದಲ್ಲಿ ಒಂದು ಭಾಗದ ಕಾಂತತ್ವವು ಸ್ಥಿರವಾದುದಲ್ಲ. ಹಡಗು ದಕ್ಷಿಣಕ್ಕೆ ಹೋದರೆ ಅದು ಬದಲಾಗುವುದು. ಬದಲಾಗುವ ರೋಗಕ್ಕೆ ಬದಲಾಗದ ಮದ್ದನ್ನು ಕಟ್ಟಿಬಿಟ್ಟರೆ ಗತಿಯೇನು?

ಒಂದು ಲೆಕ್ಕದಿಂದ ಇದು ವಿಶದವಾಗುವುದು. ನೆಟ್ಟಗಿನ ಕಬ್ಬಿಣದಿಂದ ಲಿವರ್‌ಪೂಲಿನಲ್ಲಿ ಮುಳ್ಳು 10 ಡಿಗ್ರಿ ಪೂರ್ವಕ್ಕೆ ಓರೆಯಾಯಿತೆಂದು ಭಾವಿಸುವ. ಅಯಸ್ಕಾಂತವನ್ನಿಟ್ಟು ಅದನ್ನು 10 ಡಿಗ್ರಿ ಪಶ್ಚಿಮಕ್ಕೆ ಎಳೆದರೆ ತಪ್ಪು ಸೊನ್ನೆಯಾಯಿತು. ಹಡಗು ಕಾಂತೀಯ ಸಮಭಾಜಕಕ್ಕೆ ಬಂದಾಗ ಕಬ್ಬಿಣದ ಸೆಳೆತ ಇಲ್ಲವಾಯಿತು. ಅಯಸ್ಕಾಂತದ ಸೆಳೆತವೊಂದೇ ಉಳಿದು ಮುಳ್ಳು ಪಶ್ಚಿಮಕ್ಕೆ ಓರೆಯಾಯಿತು. ಆಸ್ಟ್ರೇಲಿಯಾದ ಸಮೀಪದಲ್ಲಿ ಕಬ್ಬಿಣವೂ ಪಶ್ಚಿಮಕ್ಕೇ ಎಳೆಯತೊಡಗಿತು. ಎರಡೂ ಕೂಡಿ ತಪ್ಪು ಇಪ್ಪತ್ತು ಡಿಗ್ರಿಯ ಸಮೀಪಕ್ಕೆ ಏರಿತು. ಸರಿಪಡಿಸಿದೆವೆಂಬ ಧೈರ್ಯದಿಂದ ಹೊರಟ ನಾವಿಕನು ಸರಿಪಡಿಸದಿದ್ದವನಿಗಿಂತಲೂ ಹೆಚ್ಚು ದಾರಿ ತಪ್ಪಿದನು.

ಇಂಥ ವಾದವಿವಾದಗಳು ನಡೆಯುತ್ತಿರಲಾಗಿ, 1854ರ ಜನವರಿಯಲ್ಲಿ ‘ಟೇಲರ್’ ಎಂಬ ಹೊಚ್ಚಹೊಸ ಕಬ್ಬಿಣದ ಹಡಗು ಲಿವರ್‌ಪೂಲಿನಿಂದ ಮೆಲ್ಬರ್ನಿಗೆ ವಲಸೆಗಾರರನ್ನು ತುಂಬಿಕೊಂಡು ಹೊರಟು, ಎರಡೇ ದಿನಗಳಲ್ಲಿ ಐರ್ಲೆಂಡಿನ ಬಳಿಯ ಲ್ಯಾಂಬೆ ದ್ವೀಪದ ಬಂಡೆಗಳಿಗೆ ಬಡಿದು ಮುಳುಗಿತು. ಮುನ್ನೂರಕ್ಕೂ ಹೆಚ್ಚು ಜನರು ಮಡಿದರು. ಅದರ ದಿಕ್ಸೂಚಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಈ ಅನಾಹುತವು ನಡೆದುದು ಉತ್ತರಗೋಳಾರ್ಧದಲ್ಲಿಯೇ ಆದರೂ, ಕಬ್ಬಿಣದ ಹಡಗಿನ ದಿಕ್ಸೂಚಿಯನ್ನು ಕಣ್ಣುಮುಚ್ಚಿ ನಂಬಬಾರದೆಂಬ ಅರಿವನ್ನು ಎಲ್ಲರಲ್ಲಿಯೂ ಮೂಡಿಸಿತು.

ಸ್ಕೋರ್ಸ್‌ಬಿ ಬರಿಯ ವಾದದಿಂದ ತೃಪ್ತನಾಗಲಿಲ್ಲ. 1856ರಲ್ಲಿ, ಅರುವತ್ತಾರು ವರ್ಷ ವಯಸ್ಸಿನಲ್ಲಿ, ‘ರಾಯಲ್ ಚಾರ್ಟರ್’ ಎಂಬ ಕಬ್ಬಿಣದ ಹಡಗನ್ನೇರಿ ಆಸ್ಟ್ರೇಲಿಯಾಕ್ಕೆ ಹೋಗಿಬಂದನು. ಹಡಗಿನ ಮೈಯಲ್ಲಿ ಎಲ್ಲೆಲ್ಲಿ ಯಾವ ಬಗೆಯ ಕಾಂತತ್ವವಿದೆಯೆಂದು ದಾರಿಯುದ್ದಕ್ಕೂ ಪರೀಕ್ಷಿಸಿದನು. ದಕ್ಷಿಣಕ್ಕೆ ಹೋದಾಗ ಅದು ಬದಲಾಗುವುದೆಂದು ತಾನು ಹೇಳಿದ್ದುದು ದಿಟವಾಯಿತು. ದಿಕ್ಸೂಚಿಯೊಂದನ್ನು ಕಬ್ಬಿಣಕ್ಕೆ ದೂರವಾಗಿ ಕೂವೆಮರದ ಎತ್ತರದಲ್ಲಿ ಇಡುವುದೇ ಲೇಸೆಂದು ಅವನು ಬೋಧಿಸಿದನು. ಮರಳಿ ಬಂದ ಕೆಲವೇ ತಿಂಗಳುಗಳಲ್ಲಿ, 1857ರಲ್ಲಿ, ಅವನು ಕಾಲವಾದನು. ಆ ಯಾತ್ರೆಯ ವೃತ್ತಾಂತವು ಅವನ ಮರಣಾನಂತರ ಅಚ್ಚಾಯಿತು. ಕೊನೆಗೆ ಗೆದ್ದವರು ಯಾರೆಂದರೆ ಇಬ್ಬರೂ. ಏರಿಯ ಉಪಾಯವನ್ನು ಬಿಡಲಿಲ್ಲ. ಸ್ಕೋರ್ಸ್‌ಬಿಯ ಎಚ್ಚರಿಕೆಯನ್ನೂ ಮರೆಯಲಿಲ್ಲ. ಲಾರ್ಡ್ ಕೆಲ್ವಿನ್ ಎಂದು ಮುಂದೆ ಪ್ರಸಿದ್ಧನಾದ ವಿಲಿಯಂ ಥಾಮ್ಸನ್ನನು 1870ರ ದಶಕದಲ್ಲಿ ರಚಿಸಿದ ದಿಕ್ಸೂಚಿಯ ಪೀಠದಲ್ಲಿ ಸ್ಥಿರವಾದ ತಪ್ಪಿಗೆ ಸ್ಥಿರವಾದ ಅಯಸ್ಕಾಂತಗಳನ್ನೂ, ಬದಲಾಗುವ ತಪ್ಪಿಗೆ ತಾನೂ ಬದಲಾಗುವ ಮೆದುಕಬ್ಬಿಣವನ್ನೂ ಅಳವಡಿಸಲಾಯಿತು. ಅದರಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಕಬ್ಬಿಣದ ದಂಡವುಂಟು. ಹಡಗಿನ ಕಬ್ಬಿಣವು ಸಮಭಾಜಕದ ಆಚೆ ತನ್ನ ಗುಣವನ್ನು ಬದಲಿಸಿದೊಡನೆ ಈ ದಂಡವೂ ಬದಲಿಸಿ ಅದಕ್ಕೆ ಎದುರಾಗಿ ನಿಲ್ಲುವುದು. ಅದನ್ನು ಇಂದಿಗೂ ಫ್ಲಿಂಡರ್ಸ್ ದಂಡವೆಂದೇ ಕರೆಯುವರು.

ಈ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ತಿರುವಾಂಕೂರಿನ ಮಹಾರಾಜರಾದ ಸ್ವಾತಿ ತಿರುನಾಳರು 1837ರಲ್ಲಿ ತಿರುವನಂತಪುರದಲ್ಲಿ ವೀಕ್ಷಣಾಲಯವೊಂದನ್ನು ಸ್ಥಾಪಿಸಿದರು. ದೇಶೀಯ ಸಂಸ್ಥಾನವೊಂದು ಶುದ್ಧವಿಜ್ಞಾನಕ್ಕಾಗಿ ಆ ಕಾಲದಲ್ಲಿ ಮಾಡಿದ ಈ ವೆಚ್ಚವು ಸ್ಮರಣೀಯವಾದುದು. 1852ರಲ್ಲಿ ಅಲ್ಲಿಗೆ ನಿರ್ದೇಶಕನಾಗಿ ಬಂದ ಜಾನ್ ಅಲನ್ ಬ್ರೌನ್ ಎಂಬ ಸ್ಕಾಟ್ಲೆಂಡಿನವನು ಪಟ್ಟಣದಲ್ಲಿಯೂ, ಆರು ಸಾವಿರ ಅಡಿಗಿಂತ ಎತ್ತರವಾದ ಅಗಸ್ತ್ಯಮಲೆಯ ಮೇಲೂ ಕಾಂತಸೂಜಿಗಳನ್ನಿಟ್ಟು ಅವುಗಳ ಚಲನವನ್ನು ಗಂಟೆಗಂಟೆಗೂ ಬರೆಯಿಸಿದನು. ಮುಳ್ಳು ಪ್ರತಿದಿನವೂ ಸೂರ್ಯನ ಗತಿಯನ್ನನುಸರಿಸಿ ಎಡಬಲಕ್ಕೆ ಬಹು ಸ್ವಲ್ಪವಾಗಿ ಆಡುವುದುಂಟು. ಬೆಳಗಿನಿಂದ ಮಧ್ಯಾಹ್ನದವರೆಗೆ ಯೂರೋಪಿನಲ್ಲಿ ಅದರ ಉತ್ತರದ ಕೊನೆ ಪಶ್ಚಿಮಕ್ಕೆ ಸರಿದರೆ, ದಕ್ಷಿಣಗೋಳಾರ್ಧದಲ್ಲಿ ಪೂರ್ವಕ್ಕೆ ಸರಿಯುವುದು. ಹಾಗಾದರೆ ಎರಡಕ್ಕೂ ನಡುವೆ ಇರುವ ತಿರುವನಂತಪುರದಲ್ಲಿ? ಸೂರ್ಯನು ಉತ್ತರದ ಕಡೆಗಿರುವ ತಿಂಗಳುಗಳಲ್ಲಿ ಮುಳ್ಳು ಉತ್ತರದವರಂತೆಯೂ, ದಕ್ಷಿಣದ ಕಡೆಗಿರುವ ತಿಂಗಳುಗಳಲ್ಲಿ ದಕ್ಷಿಣದವರಂತೆಯೂ ಆಡುತ್ತಿದ್ದಿತು. ಒಂದೇ ಊರಿನ ಒಂದೇ ಮುಳ್ಳು ವರ್ಷದಲ್ಲಿ ಎರಡು ಗೋಳಾರ್ಧಗಳ ಪ್ರಜೆಯಾಗುತ್ತಿದ್ದಿತೆಂದರೆ ಇದಕ್ಕಿಂತ ಸೋಜಿಗವುಂಟೆ?

ಈ ದೈನಂದಿನ ಚಲನಕ್ಕೆ ನೆಲದೊಳಗಣ ಕಾಂತತ್ವವಲ್ಲ, ವಾಯುಮಂಡಲದ ಮೇಲ್ಭಾಗದಲ್ಲಿ ಹರಿಯುವ ವಿದ್ಯುತ್ ಪ್ರವಾಹಗಳು ಕಾರಣವೆಂದು 1882ರಲ್ಲಿ ಬಾಲ್ಫರ್ ಸ್ಟೂವರ್ಟನು ಊಹಿಸಿದನು. ಆ ಊಹೆ ಸ್ಥಿರಪಟ್ಟಿತು. ಕಾಂತೀಯ ಸಮಭಾಜಕದ ನೆತ್ತಿಯ ಮೇಲೆ, ನೂರು ಕಿಲೋಮೀಟರಿಗಿಂತ ತುಸು ಎತ್ತರದಲ್ಲಿ, ಹಗಲು ಹೊತ್ತು ವಿದ್ಯುತ್ತಿನ ಹೊಳೆಯೊಂದು ಪೂರ್ವಾಭಿಮುಖವಾಗಿ ಹರಿಯುತ್ತದೆ. ಅದನ್ನು ಪರೀಕ್ಷಿಸಲು ಅನುಕೂಲವಾದ ಸ್ಥಳವೆಂದೇ ತಿರುವನಂತಪುರದ ಬಳಿಯ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ಆರಿಸಿ, 1963ರ ನವೆಂಬರ್ 21ರಂದು ಭಾರತವು ಅಲ್ಲಿಂದ ಮೊದಲ ರಾಕೆಟ್ಟನ್ನು ಹಾರಿಸಿತು. ಬ್ರೌನನ ಮುಳ್ಳು ಆಡುತ್ತಿದ್ದ ಪಟ್ಟಣದ ಪಕ್ಕದಲ್ಲಿಯೇ ನಮ್ಮ ಆಕಾಶಯಾನದ ಚರಿತ್ರೆ ಆರಂಭವಾದುದು ಬರಿಯ ಆಕಸ್ಮಿಕವಲ್ಲ.

ಆಕಾಶದ ಮಾತು ಬಂದುದರಿಂದ ವಿಮಾನದ ವಿಷಯವನ್ನೂ ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುವೆವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಮೋಡದೊಳಗೆ ಹೊಕ್ಕ ವಿಮಾನಿಕರಿಗೆ ದಿಕ್ಸೂಚಿ ಹುಚ್ಚುಹಿಡಿದಂತೆ ತೋರುತ್ತಿತ್ತು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಕೀತ್ ಲೂಕಸ್ ಎಂಬ ವಿಜ್ಞಾನಿ ಇದನ್ನು ಶೋಧಿಸಿದನು. ದೋಷವು ಮೋಡದ್ದಲ್ಲ, ನತಿಯದು. ವಿಮಾನವು ತಿರುಗುವಾಗ ಒಂದು ಪಕ್ಕಕ್ಕೆ ವಾಲುವುದು. ಅದರೊಡನೆ ದಿಕ್ಸೂಚಿಯೂ ವಾಲುವುದು. ಆಗ ಮುಳ್ಳಿನ ಉತ್ತರದ ಕೊನೆಯನ್ನು ಕೆಳಕ್ಕೆಳೆಯುವ ಭೂಮಿಯ ಬಲವು ಅದನ್ನು ವಾಲಿದ ಪಕ್ಕಕ್ಕೆ ಸರಿಸುವುದು. ಉತ್ತರಗೋಳಾರ್ಧದಲ್ಲಿ ಉತ್ತರಾಭಿಮುಖವಾಗಿ ಹೋಗುತ್ತಿದ್ದ ವಿಮಾನವು ಪೂರ್ವಕ್ಕೆ ತಿರುಗಿದರೆ ದಿಕ್ಸೂಚಿಯು ನಿಜಕ್ಕಿಂತ ಕಡಮೆ ತಿರುವನ್ನು ತೋರುವುದು. ಕೆಲವು ವೇಳೆ ಪಶ್ಚಿಮಕ್ಕೆ ತಿರುಗಿದಂತೆಯೇ ತೋರುವುದು. ದಕ್ಷಿಣಗೋಳಾರ್ಧದಲ್ಲಿ ಅದೇ ತಿರುವು ನಿಜಕ್ಕಿಂತ ಹೆಚ್ಚಾಗಿ ಕಾಣುವುದು. ಆದುದರಿಂದ ವಿಮಾನಿಕನು ಒಂದು ಗೋಳಾರ್ಧದಲ್ಲಿ ಕಲಿತ ಪಾಠವನ್ನು ಇನ್ನೊಂದರಲ್ಲಿ ತಿರುಗಿಸಿ ಹೇಳಿಕೊಳ್ಳಬೇಕಾಗಿದೆ. ಲೂಕಸನು ತನ್ನ ಶೋಧನೆಯ ಫಲವನ್ನು ಬಹುಕಾಲ ಕಾಣಲಿಲ್ಲ. 1916ರ ಅಕ್ಟೋಬರಿನಲ್ಲಿ ಎರಡು ವಿಮಾನಗಳು ಆಕಾಶದಲ್ಲಿ ಢಿಕ್ಕಿ ಹೊಡೆದು ಅವನು ಮೃತನಾದನು.

ಇಂದು ಹಡಗುಗಳಿಗೂ ವಿಮಾನಗಳಿಗೂ ದಾರಿ ತೋರಲು ಉಪಗ್ರಹಗಳಿವೆ. ಆದರೂ ಕಾಂತದ ದಿಕ್ಸೂಚಿಯನ್ನು ಯಾರೂ ಎಸೆದಿಲ್ಲ. ಮಿಕ್ಕೆಲ್ಲ ಯಂತ್ರಗಳೂ ಕೈಕೊಟ್ಟಾಗ ಉಳಿಯುವುದು ಅದೊಂದೇ. ಉತ್ತರದ ನಾಡುಗಳಲ್ಲಿ ಮಾರುವ ಒಳ್ಳೆಯ ದಿಕ್ಸೂಚಿಯನ್ನು ಸೂಕ್ಷ್ಮವಾಗಿ ನೋಡಿದರೆ ಅದರ ಮುಳ್ಳಿನ ದಕ್ಷಿಣದ ಪಕ್ಕದಲ್ಲಿ ಚಿಕ್ಕ ತಂತಿಯ ಸುರುಳಿಯೋ ಅಲ್ಪಭಾರವೋ ಇರುವುದುಂಟು. ಆಸ್ಟ್ರೇಲಿಯಾಕ್ಕೆಂದು ಮಾಡಿದ ದಿಕ್ಸೂಚಿಯಲ್ಲಿ ಆ ಭಾರವು ಇನ್ನೊಂದು ಪಕ್ಕದಲ್ಲಿರುವುದು. ಒಂದರ ಬದಲಿಗೆ ಇನ್ನೊಂದನ್ನು ಒಯ್ದರೆ ಮುಳ್ಳು ಡಬ್ಬಿಯ ತಳಕ್ಕೆ ತಗುಲಿ ಅಲುಗಾಡದೆ ನಿಲ್ಲಬಹುದು. ನಾರ್ಮನ್ ಅಂಟಿಸುತ್ತಿದ್ದ ಮೇಣವೇ ಈಗ ತಂತಿಯ ರೂಪದಲ್ಲಿ ಬಂದಿದೆ.

ದಿಕ್ಸೂಚಿಯು ಎಲ್ಲಿದ್ದರೂ ತನ್ನನ್ನು ಎಳೆಯುವ ಬಲಗಳೆಲ್ಲಕ್ಕೂ ಸಮನಾಗಿ ಉತ್ತರ ಕೊಡುತ್ತದೆ. ಅವುಗಳಲ್ಲಿ ಭೂಮಿಯದೆಷ್ಟು, ಹಡಗಿನದೆಷ್ಟು ಎಂದು ಬಿಡಿಸಿ ತಿಳಿಯಬೇಕಾದವನು ಮನುಷ್ಯ. ಒಂದು ನಾಡಿನಲ್ಲಿ ಸರಿಯೆಂದು ಕಂಡ ತಿದ್ದುಪಡಿ ಇನ್ನೊಂದು ನಾಡಿನಲ್ಲಿಯೂ ಸರಿಯಾಗಿರುವುದೆಂದು ನಂಬಿ ಹೊರಡುವ ಮೊದಲು ಅದನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕೆಂಬುದನ್ನು ಸ್ಕೋರ್ಸ್‌ಬಿ ತನ್ನ ಇಳಿವಯಸ್ಸಿನಲ್ಲಿ ಸಮುದ್ರವನ್ನು ಸುತ್ತಿ ತೋರಿಸಿಕೊಟ್ಟನು. ಆ ಎಚ್ಚರಿಕೆಯು ನಾವಿಕರಿಗೆ ಮಾತ್ರವೇ ಸಲ್ಲತಕ್ಕುದೆಂದು ನಾವು ಭಾವಿಸುವುದಿಲ್ಲ.